ಬಾವಿಗೆ ಬಿದ್ದ ಉಲ್ಕಾವೀರ

ಸೋಮಶೇಖರನನ್ನು ಮಾಡುವಾಗ ದೇವರು ಎಲ್ಲವನ್ನೂ ಅಳೆದು ತೂಗಿ ಕೊಟ್ಟು, ಕಂಠದ ಹತ್ತಿರ ಬಂದಾಗ ಮಾತ್ರ ಕೈ ಜಾರಿಸಿಬಿಟ್ಟಿದ್ದ. ಎತ್ತರ ಸಾಧಾರಣ, ಕೂದಲು ಅದಕ್ಕಿಂತ ಸಾಧಾರಣ. ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್ ಹುದ್ದೆ, ಆರ್.ಕೆ. ಪುರಂನಲ್ಲಿ ಸರ್ಕಾರಿ ಕ್ವಾರ್ಟರ್ಸು. ಆದರೆ ಕಂಠ? ಅವನು ಫೋನೆತ್ತಿ "ಹಲೋ" ಅಂದರೆ ಆ ಕಡೆಯ ಗುಮಾಸ್ತ ಕುರ್ಚಿ ಬಿಟ್ಟು ಏಳುತ್ತಿದ್ದ. ಕನ್ನಡ ಸಂಘದ ರಾಜ್ಯೋತ್ಸವದ ನಾಟಕದಲ್ಲಿ ರಾಜ ಯಾರೆಂದು ಯಾರೂ ಕೇಳುತ್ತಿರಲಿಲ್ಲ, ಯಾವ ನಾಟಕವೆಂದಷ್ಟೇ ಕೇಳುತ್ತಿದ್ದರು. ಗದೆಯೆತ್ತಿ ಅವನೊಮ್ಮೆ ಗರ್ಜಿಸಿದರೆ ಮುಂದಿನ ಸಾಲಿನ ಮಕ್ಕಳು ಅಮ್ಮಂದಿರ ತೊಡೆ ಏರುತ್ತಿದ್ದವು.

ಸ್ನಾನದ ಮನೆಯಲ್ಲಿ ಹಲ್ಲಿ ಕಂಡಾಗಲೂ ಅದೇ ಕಂಠ ಹೆಂಡತಿಯನ್ನು ಕೂಗುತ್ತದೆಂಬುದು ಮನೆಯೊಳಗಿನ ವಿಷಯ. ಹೆಂಡತಿ ಉಷಾ ಶಾಲೆಯೊಂದರಲ್ಲಿ ಗಣಿತದ ಟೀಚರ್. ಪೊರಕೆ ಹಿಡಿದು ಬಂದು ಹಲ್ಲಿಯನ್ನು ಓಡಿಸಿ, "ಪ್ರಭುಗಳು ಇನ್ನು ಸ್ನಾನ ಮಾಡಬಹುದು" ಎಂದು ಹೇಳಿ ಹೋಗುತ್ತಿದ್ದಳು.

ಇಂಥ ಸೋಮಶೇಖರನನ್ನು ಹುಡುಕಿಕೊಂಡು ಎರಡು ಸಾವಿರದ ಆರನೇ ಇಸವಿಯಲ್ಲಿ ಲಾವಣ್ಯಾ ಎಂಬ ಹುಡುಗಿ ಬಂದಳು. ಧಾರವಾಡದವಳು, ದೆಹಲಿಯಲ್ಲಿ ಖುರಾನಾ ಎಂಬ ಕಾಮಿಕ್ಸ್ ಪ್ರಕಾಶಕನ ಬಳಿ ಕೆಲಸ. ಖುರಾನಾನ ಪುಸ್ತಕಗಳ ನಾಯಕ ಉಲ್ಕಾವೀರ. ಆಕಾಶದಿಂದ ಬಿದ್ದ ಉಲ್ಕೆಯ ಚೂರೊಂದನ್ನು ಚಿಕ್ಕಂದಿನಲ್ಲಿ ನುಂಗಿ, ಅದು ಅರಗದೆ, ಹಾರಾಡುವ ಶಕ್ತಿ ಪಡೆದವನು. ಒಂದು ಕಾಲಕ್ಕೆ ಉತ್ತರ ಭಾರತದ ರೈಲ್ವೆ ಸ್ಟೇಷನ್ನುಗಳಲ್ಲೆಲ್ಲ ಅವನದೇ ರಾಜ್ಯಭಾರ. ಟಿವಿಯಲ್ಲಿ ಕಾರ್ಟೂನ್ ಬಂದ ಮೇಲೆ ಮಕ್ಕಳು ಪುಸ್ತಕ ಮುಟ್ಟುವುದು ಬಿಟ್ಟರು. ಆಗ ಖುರಾನಾನಿಗೆ ಜ್ಞಾನೋದಯವಾಯಿತು. ಕಾಮಿಕ್ಸನ್ನು ನಾಟಕದ ಹಾಗೆ ಮಾತಿನಲ್ಲಿ ಮಾಡಿ ಸಿ.ಡಿ.ಗೆ ತುಂಬಿಸಿದರೆ? ಬಸ್ಸಿನಲ್ಲಿ, ಕಾರಿನಲ್ಲಿ ಎಲ್ಲೆಂದರಲ್ಲಿ ಕೇಳಬಹುದಲ್ಲ? ಅದೂ ಎಂಟು ಭಾಷೆಯಲ್ಲಿ!

"ಬೆಂಗಳೂರಿನಿಂದ ನಟರನ್ನ ಕರೆಸೋಣ ಸರ್" ಎಂದು ಲಾವಣ್ಯಾ ಹೇಳಿದ್ದಕ್ಕೆ ಖುರಾನಾ, "ದಿಲ್ಲಿಯಲ್ಲಿ ಏನು ಸಿಗಲ್ಲ? ಕನ್ನಡದವರೂ ಸಿಗ್ತಾರೆ, ಹುಡುಕು" ಎಂದಿದ್ದ. ಸೀಸನ್ನಿನಲ್ಲಿ ಹಲಸಿನಕಾಯಿ ಹುಡುಕಿ ಎಂದ ಹಾಗೆ.

ಅವಳು ಹುಡುಕಿದಳು. ಸಂಘದ ಯುಗಾದಿ ನಾಟಕ ಮುಗಿಸಿ, ಕಿರೀಟವನ್ನು ಕಂಕುಳಲ್ಲಿ ಇಟ್ಟುಕೊಂಡು ಚಹಾ ಕುಡಿಯುತ್ತಿದ್ದ ಸೋಮಶೇಖರನ ಮುಂದೆ ನಿಂತು, "ಸರ್, ನೀವೇ ಉಲ್ಕಾವೀರ" ಎಂದಳು.

"ಯೋಚಿಸಿ ಹೇಳ್ತೀನಮ್ಮ" ಎಂದ ಅವನು ಗಂಭೀರವಾಗಿ. ಅವಳು ಮೆಟ್ಟಿಲಿಳಿಯುವ ಮೊದಲೇ ಹಿಂದೆ ಓಡಿ ಒಪ್ಪಿಕೊಂಡ.

ಸ್ಟುಡಿಯೋ ಇದ್ದದ್ದು ಲಕ್ಷ್ಮೀ ನಗರದಲ್ಲಿ, ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ. ಆ ಗಲ್ಲಿಯ ಮನೆಗಳು ಎಷ್ಟು ಒತ್ತಾಗಿದ್ದವೆಂದರೆ ಒಂದು ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನುತ್ತಿದ್ದರು. ಕೆಳಗಿನ ಮಹಡಿಯಲ್ಲಿ ಅಕೌಂಟೆನ್ಸಿ ಕೋಚಿಂಗ್ ಕ್ಲಾಸು. ಅಲ್ಲಿನ ಮೇಷ್ಟ್ರು ಮೈಕಿನಲ್ಲೇ ಪಾಠ ಮಾಡುತ್ತಿದ್ದರು. ಸ್ಟುಡಿಯೋ ಎಂದರೆ ಎರಡೇ ಕೋಣೆ. ಹೊರಗಿನದರಲ್ಲಿ ಕಂಪ್ಯೂಟರು ಮತ್ತು ಅದರ ಮುಂದೆ ಪಾಂಡೆ ಎಂಬ ರೆಕಾರ್ಡಿಂಗ್ ಹುಡುಗ. ಒಳಗಿನದು ಬೀರುವಿನಷ್ಟಗಲದ ಮೈಕಿನ ಗೂಡು. ಗೋಡೆ, ಬಾಗಿಲು, ಕಿಟಕಿ ಎನ್ನದೆ ಎಲ್ಲದಕ್ಕೂ ಪ್ಲೈವುಡ್ಡು ಬಡಿದು, ಮೇಲೆ ಸ್ಪಂಜು ಅಂಟಿಸಿದ್ದರು. ಒಳಗಿನ ಸದ್ದು ಹೊರಗೆ ಹೋಗದು, ಹೊರಗಿನದು ಒಳಗೆ ಬಾರದು, ಅಕೌಂಟೆನ್ಸಿ ಮೇಷ್ಟ್ರ ಮೈಕೊಂದನ್ನು ಬಿಟ್ಟು. ಅದು ನೆಲದೊಳಗಿಂದ ಬರುತ್ತಿತ್ತು. ಮೊಬೈಲ್ ಫೋನುಗಳು ಮೈಕಿನಲ್ಲಿ ಡಿಗಿಡಿಗಿ ಅನ್ನುತ್ತವೆಂದು ಅವನ್ನು ಒಳಗೆ ಬಿಡುತ್ತಿರಲಿಲ್ಲ.

ಮೊದಲ ದಿನ ಸೋಮಶೇಖರ ಗಂಟಲು ನೋವೆಂದು ಆಫೀಸಿಗೆ ರಜೆ ಹಾಕಿ, ಬಾಯಲ್ಲಿ ಜ್ಯೇಷ್ಠಮಧು ಇಟ್ಟುಕೊಂಡು ಬಂದ. ಲಾವಣ್ಯಾ ಸ್ಕ್ರಿಪ್ಟು ಕೊಟ್ಟಳು. ಅವನು ಪುಟ ತಿರುಗಿಸಿದ, ಮತ್ತೆ ತಿರುಗಿಸಿದ, ಕೊನೆಗೆ ಹಾಳೆಗಳ ಹಿಂಬದಿಯನ್ನೂ ನೋಡಿದ.

"ನನ್ನ ಮಾತು ಎಲ್ಲಮ್ಮ?"

"ಇದೆಯಲ್ಲ ಸರ್. ಇಲ್ಲಿ 'ಹ್ಞಾ!', ಇಲ್ಲಿ 'ಹೂಂ!', ಇಲ್ಲಿ ನೋಡಿ, 'ನಿಲ್ಲು ಪಾಪಿ!'"

"ಪಾಪಿ ನಿಂತ ಮೇಲೆ?"

"ಗುದ್ದುತ್ತೀರಿ."

ಅವಳು ಮೂಲ ಪುಸ್ತಕ ಬಿಡಿಸಿ ತೋರಿಸಿದಳು. ಪುಟದಿಂದ ಪುಟಕ್ಕೆ ಉಲ್ಕಾವೀರ ಒಂದು ಕೈ ಮುಂದೆ ಚಾಚಿ ಹಾರುತ್ತಲೇ ಇದ್ದ. ತೊಡೆ ಕಂಬದಂತಿತ್ತು, ಎದೆ ಟ್ರಂಕಿನಂತಿತ್ತು, ಬಾಯಿ ಮುಚ್ಚಿತ್ತು.

"ಪುಸ್ತಕದಲ್ಲಿ ಇವನು ಮಾತಾಡಲ್ಲ ಸರ್. ಮೈಕಟ್ಟು ತೋರಿಸ್ತಾನೆ, ಅಷ್ಟೇ."

"ಮೈಕಟ್ಟು ಸಿ.ಡಿ.ಯಲ್ಲಿ ಕೇಳಿಸೋದು ಹೇಗೆ?"

"ಅದೇ ಸರ್ ನನ್ನ ತಲೆನೋವು" ಎಂದಳು ಲಾವಣ್ಯಾ, ಮನಸ್ಸು ಬಿಚ್ಚಿ. "ಚಿತ್ರ ಬರೆಯೋನು ಒಂದು ಗೆರೆ ಎಳೆದು ಹಾರಿಸಿಬಿಟ್ಟ. ನಾನು ಅದನ್ನ ಕಿವಿಗೆ ತೋರಿಸಬೇಕು. ಊರಿನವರೆಲ್ಲ 'ಅಗೋ ಹಾರಿದ, ಅಗೋ ಇಳಿದ' ಅಂತ ಎಷ್ಟು ಸಲ ಕೂಗೋಕಾಗುತ್ತೆ? ಕುರುಡರ ಊರು ಅನ್ಕೋತಾರೆ."

ಹಾರುವ ಸದ್ದಿಗೆ ಪಾಂಡೆ ಬೆಡ್‌ಶೀಟು ಒದರುತ್ತಿದ್ದ. ಗುದ್ದಿಗೆ ಚಪಾತಿ ಹಿಟ್ಟಿನ ಉಂಡೆ, ಮೂಳೆ ಮುರಿಯುವುದಕ್ಕೆ ಮೂಲಂಗಿ. ಕಾಳಗದ ದೃಶ್ಯವಿದ್ದ ದಿನ ಅವನು ಮಂಡಿಗೆ ಹೋಗಿ ಮೂಲಂಗಿಯ ಕಟ್ಟುಗಳನ್ನೇ ಹೊತ್ತು ತರುತ್ತಿದ್ದ. ಸಂಜೆ ಆ ಖಳರ ಮೂಳೆಗಳೆಲ್ಲ ಅವನ ಮನೆಯಲ್ಲಿ ಪರೋಟ ಆಗುತ್ತಿದ್ದವು.

ಸೋಮಶೇಖರನಿಗೆ ಇದನ್ನು ಸಹಿಸಲಾಗಲಿಲ್ಲ. ಮೂಲಂಗಿಗೆ ತನಗಿಂತ ಹೆಚ್ಚು ಮಾತು! ಮರುದಿನ ತಾನೇ ಒಂದಿಷ್ಟು ಬರೆದು ತಂದ. ಖಳನಾಯಕ ಡಾಕ್ಟರ್ ಕಂಟಕ ಎದುರಾದ ಕೂಡಲೇ ಮೈಕಿಗೆ ಬಾಯಿಟ್ಟು, "ಎಲವೋ ದುರುಳ ಕಂಟಕಾ! ಇಂದಿಗೆ ನಿನ್ನ ಆಯುಸ್ಸಿನ ಎಣ್ಣೆ ತೀರಿತೆಂದು ತಿಳಿ! ಈ ನನ್ನ ಭುಜದಂಡಗಳಾದರೋ..." ಎಂದು ಶುರುಮಾಡಿದ. ಭುಜದಂಡಗಳ ವರ್ಣನೆ ಮುಗಿದು ತೊಡೆಗೆ ಬರುವಷ್ಟರಲ್ಲಿ ಹೆಡ್‌ಫೋನಿನಲ್ಲಿ ಲಾವಣ್ಯಾಳ ಧ್ವನಿ ಬಂತು.

"ಸರ್, ಇಷ್ಟು ಹೊತ್ತಿಗೆ ಕಂಟಕ ಆಟೋ ಹಿಡಿದು ಮನೆಗೆ ಹೋಗಿ ಊಟಕ್ಕೆ ಕೂತಿರ್ತಾನೆ."

ಹೇಗೋ ಹಗ್ಗಜಗ್ಗಾಟದಲ್ಲಿ ಕೆಲಸ ಸಾಗಿತು. ಅವನು ಹತ್ತು ಮಾತು ಸೇರಿಸಿದರೆ ಅವಳು ಒಂದನ್ನು ಉಳಿಸುತ್ತಿದ್ದಳು. ಆ ಒಂದು ಮಾತ್ರ ಚೆನ್ನಾಗಿರುತ್ತಿತ್ತೆಂದು ಅವಳೂ ಒಪ್ಪುತ್ತಿದ್ದಳು. ಕೊನೆಗೆ ಉಳಿದದ್ದು ಎರಡು ಕೆಲಸ. ನಾಯಕಿ ಮೋನಿಕಾಳ ಮಾತುಗಳು; ಅದಕ್ಕೆ ಗುರಗಾಂವಿನ ಕಾಲ್ ಸೆಂಟರಿನ ಹುಡುಗಿಯೊಬ್ಬಳು ಬರುವವಳಿದ್ದಳು. ಇನ್ನೊಂದು, ಬಾವಿಯ ದೃಶ್ಯ.

ಬಾವಿಯ ದೃಶ್ಯದಲ್ಲಿ ಡಾಕ್ಟರ್ ಕಂಟಕ ಉಲ್ಕಾವೀರನನ್ನು ಪಾಳುಬಾವಿಗೆ ತಳ್ಳಿ ಮೇಲೆ ಬಂಡೆ ಮುಚ್ಚುತ್ತಾನೆ. ಬೆಳಕಿಲ್ಲದ ಕಡೆ ಉಲ್ಕೆಯ ಶಕ್ತಿ ನಡೆಯುವುದಿಲ್ಲ. ಪುಸ್ತಕದಲ್ಲಿ ಆ ಪುಟ ಪೂರಾ ಕಪ್ಪು. ನಡುವೆ ಎರಡು ಬಿಳಿ ಕಣ್ಣು, ಬೇರೇನಿಲ್ಲ.

"ಇಡೀ ಪುಸ್ತಕದಲ್ಲಿ ಇದೊಂದೇ ಪುಟ ಸರ್ ನನಗೆ ಇಷ್ಟವಾದದ್ದು" ಎಂದಳು ಲಾವಣ್ಯಾ. "ಮೊದಲ ಸಲ ಇವನಿಗೆ ಭಯ ಆಗುತ್ತೆ. ಆದರೆ ಕಪ್ಪು ಪುಟ ಸಿ.ಡಿ.ಗೆ ಹಾಕಿದರೆ ಜನ ಕರೆಂಟ್ ಹೋಯ್ತು ಅನ್ಕೋತಾರೆ. ನೀವು ಭಯಪಡಬೇಕು. ನಿಜವಾಗಿ."

"ವೀರ ಭಯಪಡೋದಿಲ್ಲಮ್ಮ."

"ಪಡ್ತಾನೆ ಸರ್, ಕಣ್ಣು ನೋಡಿ."

ಅವನು ಪ್ರಯತ್ನಿಸಿದ. "ಅಯ್ಯೋ! ಏನಿದು ಗಾಢಾಂಧಕಾರ!" ಎಂದ. ಕತ್ತಲೆಯ ಮೇಲೆ ದಂಡಯಾತ್ರೆ ಹೊರಟವನಂತಿತ್ತು ಧ್ವನಿ. ಮತ್ತೆ ಹೇಳಿದ, ಕತ್ತಲೆಯೇ ಹೆದರಿತು. ಮೂರನೆಯ ಸಲ "ಯಾರಲ್ಲಿ?" ಎಂದು ಅವನು ಕೂಗಿದಾಗ ನೆಲದೊಳಗಿಂದ ಮೇಷ್ಟ್ರ ಮೈಕು, "ಡೆಪ್ರಿಸಿಯೇಷನ್!" ಎಂದು ಉತ್ತರ ಕೊಟ್ಟಿತು.

ಲಾವಣ್ಯಾ ತಲೆಯ ಮೇಲೆ ಕೈಹೊತ್ತು ಕೂತಳು. ಆಮೇಲೆ ಎದ್ದು, "ಸರ್, ಲೈಟ್ ಆರಿಸ್ತೀನಿ. ಕತ್ತಲೆಯಲ್ಲಿ ಒಬ್ಬರೇ ಸುಮ್ಮನೆ ಕೂತಿರಿ. ನಾನು ಕರೆಯೋವರೆಗೂ ಹೊರಗೆ ಬರಬೇಡಿ. ಮೈಕ್ ಆನ್ ಇರುತ್ತೆ, ಏನು ಅನ್ನಿಸುತ್ತೋ ಹೇಳಿ" ಎಂದಳು. ಗೂಡಿನ ಬಾಗಿಲೆಳೆದು, ಪಾಂಡೆಯನ್ನು ಚಹಾ ತರಲು ಕಳಿಸಿ, ತಾನು ಮೇಷ್ಟ್ರಿಗೆ ಮೈಕು ತಗ್ಗಿಸಿ ಎಂದು ಬೇಡಿಕೊಳ್ಳಲು ಕೆಳಗಿಳಿದಳು.

ಸೋಮಶೇಖರ ಕತ್ತಲೆಯಲ್ಲಿ ಸ್ಟೂಲಿನ ಮೇಲೆ ಕೂತ. ಬೆಳಿಗ್ಗೆ ತಿಂದ ಪೂರಿ ಭಾರವಾಗಿತ್ತು. ಗೋಡೆಯ ಸ್ಪಂಜು ತಲೆಗೆ ಮೆತ್ತಗಿತ್ತು. ಉಲ್ಕಾವೀರ ಐದು ನಿಮಿಷದಲ್ಲಿ ನಿದ್ದೆಹೋದ.

ಕೆಳಗೆ ನಡೆದದ್ದು ಅವನಿಗೆ ತಿಳಿದದ್ದು ಆಮೇಲೆ. ಮನೆಗಳಿರುವ ಕಡೆ ಅಂಗಡಿ, ಆಫೀಸು ನಡೆಸುವವರಿಗೆ ಬೀಗ ಜಡಿದು ಸೀಲ್ ಹಾಕುವ ಕೆಲಸ ಆ ವರ್ಷ ದೆಹಲಿಯಲ್ಲೆಲ್ಲ ನಡೆದಿತ್ತು. ಎಲ್ಲಿಗೆ ಯಾವಾಗ ಬರುತ್ತಾರೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವತ್ತು ಈ ಗಲ್ಲಿಯ ಸರದಿ. ಜೀಪಿನಲ್ಲಿ ಸಾಹೇಬ, ಹಿಂದೆ ಪೊಲೀಸರು, ಅವರ ಹಿಂದೆ ಹಿಂದಿ ಪತ್ರಿಕೆಯ ಫೋಟೋಗ್ರಾಫರ್. ಮೇಲಿನಿಂದ ಶುರುಮಾಡಿದರು. ಮೂರನೇ ಮಹಡಿಯಲ್ಲಿ ಒಬ್ಬನು ಸ್ಟುಡಿಯೋಕ್ಕೆ ತಲೆ ಹಾಕಿ ನೋಡಿದ. ನರಪಿಳ್ಳೆಯಿಲ್ಲ. ಮೈಕಿನ ಗೂಡಿನ ಬಾಗಿಲೂ ಸ್ಪಂಜು, ಗೋಡೆಯೂ ಸ್ಪಂಜು. ಅಲ್ಲೊಂದು ಬಾಗಿಲಿದೆಯೆಂದು ಅವನಿಗೆ ಹೊಳೆಯಲಿಲ್ಲ. ಮೇನ್ ಸ್ವಿಚ್ ಆರಿಸಿ, ಹೊರಬಾಗಿಲಿಗೆ ಬೀಗ ಜಡಿದು, ಬಟ್ಟೆ ಸುತ್ತಿ, ಅರಗು ಸುರಿದು ಮುದ್ರೆ ಒತ್ತಿ ಕೆಳಗಿಳಿದ. ಕೋಚಿಂಗಿನ ಹುಡುಗ ಹುಡುಗಿಯರನ್ನೂ ಮೇಷ್ಟ್ರನ್ನೂ ಲಾವಣ್ಯಾಳನ್ನೂ ಒಟ್ಟಿಗೇ ಬೀದಿಗೆ ಅಟ್ಟಿದರು.

"ಒಳಗೆ ಒಬ್ಬರಿದ್ದಾರೆ!" ಎಂದು ಲಾವಣ್ಯಾ ಚೀರಿದಳು.

"ಎಲ್ಲ ಕಡೆಯೂ ಇದೇ ಮಾತು ಮೇಡಂ" ಎಂದ ಸಾಹೇಬ ತಣ್ಣಗೆ. "ನಿನ್ನೆ ಒಬ್ಬ ಒಳಗೆ ಅಜ್ಜಿ ಇದ್ದಾಳೆ ಅಂದ. ತೆಗೆದು ನೋಡಿದರೆ ಹೊಲಿಗೆ ಮೆಷಿನ್."

"ಕೂಗಿ ನೋಡಿ, ಉತ್ತರ ಕೊಡ್ತಾರೆ!"

ಎಲ್ಲರೂ ಕತ್ತೆತ್ತಿ ಕೂಗಿದರು. ಉತ್ತರ ಬರಲಿಲ್ಲ. ಸ್ಪಂಜು ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡುತ್ತಿತ್ತು.

ಆಗಲೇ ಉಷಾ ಶಾಲೆ ಮುಗಿಸಿ, ಊಟದ ಡಬ್ಬಿ ಹಿಡಿದು ಸೈಕಲ್ ರಿಕ್ಷಾದಿಂದ ಇಳಿದದ್ದು. ಗಂಡನ ಫೋನು ಅವಳ ಬ್ಯಾಗಿನಲ್ಲೇ ಇತ್ತು. ಸ್ಟುಡಿಯೋದಲ್ಲಿ ಹೇಗೂ ಬಿಡುವುದಿಲ್ಲವೆಂದು ಬೆಳಿಗ್ಗೆ ಮನೆಯಲ್ಲೇ ಬಿಟ್ಟು ಬಂದಿದ್ದ. ಲಾವಣ್ಯಾ ಅಳುತ್ತ ವಿಷಯ ಹೇಳಿದಳು. ಉಷಾ ಸಾಹೇಬನ ಮುಂದೆ ಹೋಗಿ ನಿಂತಳು.

"ನನ್ನ ಗಂಡ ಒಳಗಿದ್ದಾರೆ. ಬಿ.ಪಿ. ಇದೆ. ಬೀಗ ತೆಗೀರಿ."

"ಸೀಲ್ ಒಡೆಯೋಕೆ ಮೇಲಿನ ಆರ್ಡರ್ ಬೇಕು ಮೇಡಂ ಜೀ. ಅರ್ಜಿ ಕೊಡಿ, ನಾಳೆ ನೋಡೋಣ."

"ನಾಳೆವರೆಗೆ ಅವರೇನು ಉಪ್ಪಿನಕಾಯೇ, ಭರಣಿಯಲ್ಲಿಡೋಕೆ?" ಎಂದಳು ಉಷಾ ಹಿಂದಿಯಲ್ಲಿ. ಕೋಚಿಂಗಿನ ಹುಡುಗರು ಹೋ ಎಂದರು. ಸಾಹೇಬ ಬೇರೆ ಕಡೆ ತಿರುಗಿಕೊಂಡ.

ಉಷಾ ಜಗಳ ಮುಂದುವರಿಸಲಿಲ್ಲ. ಕತ್ತೆತ್ತಿ ಕಟ್ಟಡವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಮೂರನೇ ಮಹಡಿಯ ಪಕ್ಕದಲ್ಲಿ, ಗೋಡೆಗೆ ಗೋಡೆ ತಾಗುವಷ್ಟು ಹತ್ತಿರ ಇನ್ನೊಂದು ಮನೆಯ ಬಾಲ್ಕನಿ; ಅದರೆದುರಿಗೇ ಸ್ಟುಡಿಯೋದ ಹಲಗೆ ಬಡಿದ ಕಿಟಕಿ. ಅಲ್ಲಿ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತ ಬೀದಿಯ ತಮಾಷೆ ನೋಡುತ್ತಿದ್ದಳು. ಉಷಾ ಡಬ್ಬಿಯನ್ನು ಲಾವಣ್ಯಾಳ ಕೈಗಿತ್ತು, ಆ ಮನೆಯ ಮೆಟ್ಟಿಲು ಹತ್ತಿದಳು.

ಇತ್ತ ಸೋಮಶೇಖರನಿಗೆ ಎಚ್ಚರವಾಯಿತು. ಎಲ್ಲಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಲಾವಣ್ಯಾ ಅವರೇ?" ಎಂದ. ಸದ್ದಿಲ್ಲ. ಅವನಿಗೆ ನಗು ಬಂತು. ಹುಡುಗಿ ಕಿಲಾಡಿ, ಹೆದರಿಸಲು ಹೂಡಿದ ಆಟ! "ಚೆನ್ನಾಗಿದೆ ಉಪಾಯ" ಎಂದು ಮೈಕಿಗೆ ಹೇಳಿದ. "ಆದರೆ ಈ ಸೋಮಶೇಖರ ಇಂಥವೆಲ್ಲ ಎಷ್ಟು ನೋಡಿಲ್ಲ." ಇನ್ನಷ್ಟು ಹೊತ್ತು ಕಾದು, ಬಾಗಿಲು ತಳ್ಳಿ ಹೊರಕೋಣೆಗೆ ಬಂದ. ಅಲ್ಲೂ ಕತ್ತಲೆ. ಯು.ಪಿ.ಎಸ್. ಬಲದಲ್ಲಿ ಕಂಪ್ಯೂಟರೊಂದು ಉರಿಯುತ್ತಿತ್ತು. ಪರದೆಯ ಮೇಲೆ ಹಸಿರು ಗೆರೆಯೊಂದು ಮಲಗಿತ್ತು. ಅವನು ಕೆಮ್ಮಿದ, ಗೆರೆ ಕುಪ್ಪಳಿಸಿ ಮತ್ತೆ ಮಲಗಿತು.

ಹೊರಬಾಗಿಲು ಎಳೆದ. ಅದು ಜಗ್ಗಲಿಲ್ಲ. ಎರಡೂ ಕೈಯಲ್ಲಿ ಎಳೆದ, ಕಾಲು ಕೊಟ್ಟು ಎಳೆದ. "ಲಾವಣ್ಯಾ ಅವರೇ, ಸಾಕು, ನಾನು ಹೆದರಿದೆ. ಚೆನ್ನಾಗಿ ಹೆದರಿದೆ. ತೆಗೀರಿ" ಎಂದ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ತೆಗೆಯಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ತನ್ನ ಪೂರ್ತಿ ಕಂಠದಲ್ಲಿ ಕೂಗಿದ. ರಾಜನಾಗಿ ಎಂದೂ ಕೂಗಿರದಷ್ಟು ಜೋರಾಗಿ. ಆ ಕೂಗು ಸ್ಪಂಜಿಗೆ ತಾಗಿ ಅಲ್ಲೇ ಸತ್ತಿತು. ತನ್ನ ಧ್ವನಿಯೇ ತನಗೆ ಪರಕೀಯವಾಗಿ, ಬಾಯಿಯ ಮುಂದೆ ಯಾರೋ ದಿಂಬು ಹಿಡಿದಂತೆ ಕೇಳಿತು. ಕಂಠವೇ ಕೈಕೊಟ್ಟರೆ ಇನ್ನೇನಿದೆ ಅವನ ಬಳಿ?

ಮತ್ತೆ ಗೂಡಿಗೆ ಓಡಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಎಲ್ಲೋ ಯಾರೋ ಕೇಳುತ್ತಿರಬಹುದೆಂಬ ಆಸೆ. ಮೊದಲು ಧರ್ಮಸ್ಥಳದ ಮಂಜುನಾಥನನ್ನು ಕರೆದ. ತಿರುಪತಿಗೆ ಬಂದು ಮುಡಿ ಕೊಡುತ್ತೇನೆಂದ. ಇದ್ದ ಕೂದಲನ್ನು ನೆನೆದು, ಅದು ಸಾಲದೆಂದು ಸಕ್ಕರೆಯ ತುಲಾಭಾರವನ್ನೂ ಸೇರಿಸಿದ. ಸುಳ್ಳು ರಜೆ ಹಾಕಿದ್ದಕ್ಕೆ ಸಚಿವಾಲಯದ ಕಾರ್ಯದರ್ಶಿಯ ಕ್ಷಮೆ ಕೇಳಿದ. ಊಟದ ಹೊತ್ತು ಮೀರಿದರೂ ಡಬ್ಬಿ ತಾರದ ಹೆಂಡತಿಯನ್ನು ಬೈದ. ಆಮೇಲೆ ದೇವರು, ಕಾರ್ಯದರ್ಶಿ, ಬೈಗಳು ಎಲ್ಲ ಮುಗಿದು ಬಾಯಲ್ಲಿ ಒಂದೇ ಉಳಿಯಿತು. "ಉಷಾ... ಉಷಾ, ಬಾರೇ. ಎಲ್ಲಿದ್ದೀಯೇ? ನನಗೆ ಇಲ್ಲಿ ಆಗ್ತಿಲ್ಲ ಕಣೇ..."

ಯು.ಪಿ.ಎಸ್. ಕೊಯ್‌ಕೊಯ್ ಎಂದು ಸತ್ತಿತು. ಪರದೆಯೂ ಆರಿತು.

ಆ ಕತ್ತಲೆಯಲ್ಲಿ ಎಷ್ಟು ಹೊತ್ತು ಕೂತಿದ್ದನೋ, ಗೋಡೆಯ ಮೇಲೆ ಟಕ್ ಟಕ್ ಎಂದು ಬಡಿದಂತಾಯಿತು. ಕಂಪ್ಯೂಟರಿನ ಹಿಂದಿನ ಕಡೆ. ಅವನು ಗೂಡಿನಿಂದ ತಡವರಿಸಿಕೊಂಡು ಅಲ್ಲಿಗೆ ಹೋಗಿ ಬೆರಳುಗಳಿಂದ ಸ್ಪಂಜು ಕಿತ್ತ. ಕುರ್ಚಿಯಿಂದ ಪ್ಲೈವುಡ್ ಬಡಿದ. ಹಲಗೆ ಕಿತ್ತು ಬಂದು, ಬೆಳಕು ಮುಖಕ್ಕೆ ಹೊಡೆಯಿತು. ಕಣ್ಣು ಕಿರಿದು ಮಾಡಿ ನೋಡಿದರೆ ಸರಳಿಲ್ಲದ ಕಿಟಕಿ. ಅದರಾಚೆ, ಒಂದು ದಾಪುಗಾಲಿನ ದೂರದಲ್ಲಿ, ಒಣಹಾಕಿದ ಬಟ್ಟೆಗಳ ನಡುವೆ ಲಟ್ಟಣಿಗೆ ಹಿಡಿದ ಉಷಾ. ಅವಳ ಪಕ್ಕ ಆ ಮನೆಯ ಹೆಂಗಸು.

"ಬನ್ನಿ" ಎಂದಳು ಉಷಾ. "ಕಾಲು ಚಾಚಿದ್ರೆ ಇಲ್ಲೇ."

ಸೋಮಶೇಖರ ಕಿಟಕಿ ಹತ್ತಿ ಕೆಳಗೆ ನೋಡಿದ. ಮೂರು ಮಹಡಿಯ ಆಳದಲ್ಲಿ ಚರಂಡಿ. ಬೀದಿಯ ಕಡೆಯಿಂದ ಕೋಚಿಂಗಿನ ಹುಡುಗರು ಅವನನ್ನು ಕಂಡು, "ಅಂಕಲ್ ದಿಖ್ ಗಯೇ!" ಎಂದು ಕೂಗಿದರು. ಪತ್ರಿಕೆಯವನು ಕ್ಯಾಮೆರಾ ಎತ್ತಿದ.

ಕ್ಯಾಮೆರಾ ಕಂಡದ್ದೇ ಸೋಮಶೇಖರನೊಳಗಿನ ಸೆಕ್ಷನ್ ಆಫೀಸರ್ ಎಚ್ಚೆತ್ತ. ಗಂಟಲು ನೋವಿನ ರಜೆಯಲ್ಲಿರುವ ಸರ್ಕಾರಿ ನೌಕರ ಸೀಲ್ ಆದ ಕಟ್ಟಡದ ಕಿಟಕಿಯಲ್ಲಿ! ಕೈಗೆಟುಕಿದ ತಂತಿಯ ಮೇಲಿಂದ ಸಿಕ್ಕಿದ್ದನ್ನು ಎಳೆದು ತಲೆಗೆ ಹಾಕಿಕೊಂಡ. ಅದು ಆ ಮನೆಯ ಯಜಮಾನನ ಪಟ್ಟಾಪಟ್ಟಿ ಚಡ್ಡಿ. ಒಂದು ಕಾಲಿನ ತೂತಿನಿಂದ ಕಣ್ಣುಗಳು ಕಂಡವು.

"ಹಾಯ್ ರಾಮ್, ಇವರದ್ದು!" ಎಂದು ಆ ಹೆಂಗಸು ಸೆರಗು ಬಾಯಿಗಿಟ್ಟಳು.

"ರೀ, ಅದನ್ನ ತೆಗೀರಿ, ದಾರಿ ಕಾಣಲ್ಲ."

"ತೆಗೆಯಲ್ಲ. ಕೆಲಸ ಹೋಗುತ್ತೆ."

"ಸರಿ, ಹಾಗೇ ಬನ್ನಿ."

"ಆಗಲ್ಲ ಉಷಾ. ಕೆಳಗೆ ನೋಡು ಎಷ್ಟು ಆಳ."

"ಕೆಳಗೇನ್ ನೋಡ್ತೀರಿ? ಕೆಳಗೇನು ನಿಮ್ಮ ಪ್ರಮೋಷನ್ ಆರ್ಡರ್ ಬಿದ್ದಿದೆಯಾ? ನನ್ನ ನೋಡಿ. ಕೈ ಕೊಡಿ. ಬಲಗಾಲು. ಬಲಗಾಲು ಅಂದ್ರೆ ಊಟ ಮಾಡೋ ಕೈ ಕಡೇದು ಕಣ್ರೀ! ಹ್ಞಾ, ಇಡಿ. ಬಿಡಲ್ಲ ನಾನು, ಹಿಡ್ಕೊಂಡಿದ್ದೀನಿ."

ಅವನು ಕಾಲು ಚಾಚಿದ. ಒಂದು ಕ್ಷಣ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ, ನಡುವೆ ಪ್ಯಾಂಟು ಪರ್ರೆಂದು ಹರಿಯಿತು. ಎರಡು ಕಟ್ಟಡಗಳ ಗಾಳಿ ಒಟ್ಟಿಗೆ ಒಳನುಗ್ಗಿತು. ಕೆಳಗಿನಿಂದ ಸಿಳ್ಳೆ, ಚಪ್ಪಾಳೆ. ಉಷಾ ಎಳೆದಳು. ಅವನು ಒದ್ದೆ ಬಟ್ಟೆಯ ಬಕೆಟ್ಟಿನ ಮೇಲೆ ಬಿದ್ದು, ಅಲ್ಲೇ ಕೂತು, ತಲೆಯ ಮೇಲಿನದ್ದನ್ನು ತೆಗೆಯದೆ ಹೆಂಡತಿಯ ಎರಡೂ ಕೈಗಳನ್ನು ಹಿಡಿದುಕೊಂಡ. ಮಾತಾಡಲು ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಕಂಠ ಪೂರ್ತಿ ಕೂತುಹೋಗಿತ್ತು.

ಮರುದಿನ ಫೋಟೋ ಬಂತು. ಎರಡು ಕಟ್ಟಡಗಳ ನಡುವೆ ಕವೆಯಂತೆ ಕಾಲು ಅಗಲಿಸಿದ, ತಲೆಗೆ ಪಟ್ಟೆಯ ಮುಸುಕು ಹಾಕಿದ ಒಬ್ಬ ಮನುಷ್ಯ. ಅವನು ಕಳ್ಳನೋ ಪ್ರತಿಭಟನಕಾರನೋ ಎಂದು ಪತ್ರಿಕೆಗೇ ಗೊತ್ತಿರಲಿಲ್ಲ. ಸಚಿವಾಲಯದಲ್ಲಿ ಊಟದ ಹೊತ್ತಿಗೆ ಎಲ್ಲರೂ ಅದನ್ನೇ ನೋಡುತ್ತಿದ್ದರು. ಪಕ್ಕದ ಸೆಕ್ಷನ್ನಿನ ಜಗನ್ನಾಥ ಪತ್ರಿಕೆ ತಂದು ಸೋಮಶೇಖರನ ಮೇಜಿನ ಮೇಲೆ ಹರಡಿದ.

"ನೋಡ್ರೀ ಸೋಮಶೇಖರ್, ತಲೆ ಮೇಲೆ ಚಡ್ಡಿ! ಎಂಥೆಂಥಾ ಜನ ಇರ್ತಾರೆ ಅಂತೀನಿ."

ಸೋಮಶೇಖರ ಗಂಟಲು ಮುಟ್ಟಿ ತೋರಿಸಿ, ಮಾತಾಡಲಾಗದು ಎಂದು ಸನ್ನೆ ಮಾಡಿದ. "ಪಾಪ, ಇನ್ನೂ ವಾಸಿಯಾಗಿಲ್ವೇ" ಎಂದು ಜಗನ್ನಾಥ ಮನೆಯಿಂದ ಕಾಳುಮೆಣಸಿನ ಕಷಾಯ ತಂದುಕೊಡುವೆನೆಂದು ಮಾತು ಕೊಟ್ಟ.

ಕೆಲವು ವಾರಗಳ ಮೇಲೆ ಸಾಮಾನು ಸಾಗಿಸಿಕೊಳ್ಳಲು ಸೀಲ್ ತೆಗೆದರು. ಖುರಾನಾ ಕಂಪ್ಯೂಟರನ್ನು ತನ್ನ ಆಫೀಸಿಗೆ ತರಿಸಿದ. ಲಾವಣ್ಯಾ ಅದನ್ನು ತೆರೆದು ನೋಡಿದಳು. ಯಂತ್ರ ಪ್ರಾಣ ಬಿಡುವವರೆಗೂ ಎಲ್ಲವನ್ನೂ ಹಿಡಿದಿಟ್ಟಿತ್ತು. ಆ ಭಾನುವಾರ ಅವಳು ಆರ್.ಕೆ. ಪುರಂಗೆ ಬಂದು, ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟು, ಸಂಕೋಚದಿಂದ ವಿಷಯ ಹೇಳಿದಳು.

"ಅಳಿಸಿಹಾಕಿ" ಎಂದ ಸೋಮಶೇಖರ ತಕ್ಷಣ. ಕಂಠ ಆಗಷ್ಟೇ ಮರಳಿ ಬರುತ್ತಿತ್ತು. "ಅದರಲ್ಲಿ ಏನೇನು ಹೇಳಿದ್ದೀನೋ ನನಗೇ ಗೊತ್ತಿಲ್ಲ."

"ನಾನು ಕೇಳ್ತೀನಿ" ಎಂದು ಉಷಾ ಹೆಡ್‌ಫೋನು ಎಳೆದುಕೊಂಡಳು.

ಅವಳು ಕೇಳುವಾಗ ಅವನು ಅವಳ ಮುಖವನ್ನೇ ನೋಡುತ್ತ ಕೂತ. ಮುಡಿಯ ಹರಕೆ ಬಂದಾಗ ಅವಳು ನಕ್ಕಳು. ಡಬ್ಬಿಯ ಬೈಗಳು ಬಂದಾಗ ಹುಬ್ಬೇರಿಸಿ ಅವನತ್ತ ನೋಡಿದಳು. ಆಮೇಲೆ ಅವಳ ಮುಖ ಹಾಗೇ ನಿಂತಿತು. ಕೊನೆಗೆ ಹೆಡ್‌ಫೋನು ತೆಗೆದು, ಅದರ ವೈರನ್ನು ಬೆರಳಿಗೆ ಸುತ್ತುತ್ತ, "ಅಷ್ಟು ಹೊತ್ತು ಕೂಗಿದ್ರಾ?" ಎಂದಳು.

"ಬೇರೆ ಯಾರನ್ನ ಕೂಗಲಿ?" ಎಂದ ಅವನು, ಟೇಬಲ್‌ಕ್ಲಾತಿನ ಹೂವು ನೋಡುತ್ತ.

ಬಾಗಿಲಲ್ಲಿ ನಿಂತಿದ್ದ ಮಗಳು ಅದಿತಿ ತಾನೂ ಒಂದು ಕಿವಿಗೆ ಹಾಕಿಕೊಂಡು ಕೇಳಿದಳು. ಅಪ್ಪನ ನಾಟಕಗಳಿಗೆ ಬರಲು ನಾಚುತ್ತಿದ್ದ ಹುಡುಗಿ. "ಪಪ್ಪಾ, ಯೇ ತೋ ರಿಯಲ್ ಹೈ" ಎಂದಳು. "ನೀವು ಹೀಗೆ ಯಾಕೆ ಮಾಡಲ್ಲ ಯಾವಾಗ್ಲೂ? ಆ ಗದಾ ವಾಲಾ ಬೋರಿಂಗ್."

ಸೋಮಶೇಖರ ಸೋತ. "ಇಟ್ಕೊಳ್ಳಿ ಹಾಗಾದರೆ" ಎಂದ ಲಾವಣ್ಯಾಳಿಗೆ. "ಕಾರ್ಯದರ್ಶಿಯವರ ಹೆಸರು ಮಾತ್ರ ತೆಗೀರಿ."

ಮಂಜುನಾಥ, ತುಲಾಭಾರ, ಡಬ್ಬಿ ಎಲ್ಲವನ್ನೂ ಕತ್ತರಿಸಬಹುದಿತ್ತು. ಉಷಾ ಎಂಬುದನ್ನು ಕತ್ತರಿಸಿದರೆ ಏನೂ ಉಳಿಯುತ್ತಿರಲಿಲ್ಲ. ಲಾವಣ್ಯಾ ಒಂದು ರಾತ್ರಿ ಯೋಚಿಸಿ, ಕನ್ನಡದ ಮಟ್ಟಿಗೆ ಮೋನಿಕಾಳ ಹೆಸರನ್ನೇ ಉಷಾ ಎಂದು ಬದಲಿಸಿಬಿಟ್ಟಳು. ಅಷ್ಟಕ್ಕೇ ನಿಲ್ಲಲಿಲ್ಲ. ಪುಸ್ತಕದಲ್ಲಿ ಮೋನಿಕಾ ಬಾವಿಯ ದಂಡೆಯಲ್ಲಿ ಕಂಬಕ್ಕೆ ಕಟ್ಟಿಸಿಕೊಂಡು "ಕಾಪಾಡಿ ಕಾಪಾಡಿ" ಎಂದು ಅಳುತ್ತಾಳೆ. ಬಂಡೆಯ ಸಂದಿಯಿಂದ ಬಂದ ಒಂದು ಕಿರಣ ಬಿದ್ದು ಉಲ್ಕಾವೀರ ತಾನಾಗಿ ಮೇಲೆ ಹಾರುತ್ತಾನೆ. ಕನ್ನಡದಲ್ಲಿ ಹಾಗಾಗಲಿಲ್ಲ, ನಾಯಕಿಯೇ ವೀರನ ಕೈ ಹಿಡಿದು ಮೇಲೆಳೆದಳು. ಗುರಗಾಂವಿನ ಹುಡುಗಿಗೆ ಕ್ಷಮಿಸಿ ಎಂದು ಹೇಳಿ, ಲಾವಣ್ಯಾ ಉಷಾಳನ್ನೇ ಮೈಕಿನ ಮುಂದೆ ನಿಲ್ಲಿಸಿದಳು.

"ನನಗೆ ನಾಟಕ ಬರಲ್ಲಮ್ಮ" ಎಂದಳು ಉಷಾ.

"ನಾಟಕ ಬೇಡ ಆಂಟಿ. ಅವತ್ತು ಬಾಲ್ಕನಿಯಲ್ಲಿ ಹೇಗೆ ಕರೆದ್ರೋ ಹಾಗೆ."

ಉಷಾ ಒಂದೇ ಸಲಕ್ಕೆ ಹೇಳಿ ಮುಗಿಸಿದಳು. ಪ್ರಮೋಷನ್ ಆರ್ಡರ್ ಒಂದನ್ನು ಲಾವಣ್ಯಾ ತೆಗೆಸಿದಳು, ಅಷ್ಟೇ.

ಎಲ್ಲ ಸೇರಿಸಿದ ಮೇಲೆ ಖುರಾನಾ ಕೇಳಬೇಕೆಂದ. ತುಸು 'ಬೇಕು', 'ಬೇಡ' ಬಿಟ್ಟರೆ ಅವನಿಗೆ ಕನ್ನಡದ ಗಂಧವಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಅವನ ಆಫೀಸಿನ ಸೋಫಾದ ತುದಿಯಲ್ಲಿ ಕೂತಿದ್ದರು. ಲಾವಣ್ಯಾ ಉಗುರು ಕಚ್ಚುತ್ತ ನಿಂತಿದ್ದಳು. ಖುರಾನಾ ಕಣ್ಣು ಮುಚ್ಚಿ ಕೇಳಿದ. ಬಾವಿಯ ದೃಶ್ಯ ಬಂತು. ಅವನ ಕೈಯಲ್ಲಿದ್ದ ಸಮೋಸ ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು. ಸೋಮಶೇಖರನೂ ತಲೆ ತಗ್ಗಿಸಿ ಕೇಳಿದ. ಆ ಧ್ವನಿಯಲ್ಲಿ ರಾಜನಿರಲಿಲ್ಲ, ಸೆಕ್ಷನ್ ಆಫೀಸರನೂ ಇರಲಿಲ್ಲ. ಯಾರೋ ಒಬ್ಬ ಮನುಷ್ಯ ಕತ್ತಲೆಯಲ್ಲಿದ್ದ. ಆಮೇಲೆ ಉಷಾಳ ಧ್ವನಿ ಬಂತು: "ಕೆಳಗೇನ್ ನೋಡ್ತೀರಿ? ನನ್ನ ನೋಡಿ. ಕೈ ಕೊಡಿ. ಬಿಡಲ್ಲ ನಾನು!"

ಸಿ.ಡಿ. ಮುಗಿಯಿತು. ಖುರಾನಾ ಕಣ್ಣೊರೆಸಿಕೊಂಡ.

"ಕ್ಯಾ ಬಾತ್ ಹೈ! ಪಾಪ ಮೋನಿಕಾ, ಎಷ್ಟು ಚೆನ್ನಾಗಿ ಕಾಪಾಡಿ ಅಂತ ಬೇಡಿಕೊಳ್ತಾಳೆ!" ಆಮೇಲೆ ಹುಬ್ಬು ಗಂಟಿಕ್ಕಿದ. "ಆದರೆ ಉಷಾ, ಉಷಾ ಅಂತ ಏನೋ ಕೇಳಿಸ್ತಲ್ಲ?"

ಲಾವಣ್ಯಾ ಉಗುರು ಕಚ್ಚುವುದು ಬಿಟ್ಟಳು. "ಅದು ಸರ್... ಉಷಾ ಅಂದರೆ ಬೆಳಗು. ಉಷಾಕಾಲ. ಕತ್ತಲೆಯಲ್ಲಿ ಬಿದ್ದ ವೀರ ಬೆಳಕನ್ನ ಕರೀತಾನೆ."

ಖುರಾನಾ ಸಮೋಸವನ್ನು ತಟ್ಟೆಗೆ ಹಾಕಿ ಎದ್ದು ನಿಂತ. "ಕವಿತೆ! ಇದು ಕವಿತೆ! ನಮ್ಮ ಹಿಂದಿಯವನಿಗೆ ಇದು ಹೊಳೆಯಲೇ ಇಲ್ಲ. ಪಾಂಡೆ! ತಮಿಳು, ತೆಲುಗು, ಬಂಗಾಳಿ, ಎಲ್ಲದರಲ್ಲೂ ಹಾಕು. ಎಲ್ಲ ಭಾಷೆಯಲ್ಲೂ ಬಾವಿಯಿಂದ ಉಷಾ ಅಂತಲೇ ಕೂಗಬೇಕು!"

ಉಷಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೋಮಶೇಖರ ಗೋಡೆಯ ಮೇಲಿದ್ದ ಉಲ್ಕಾವೀರನ ದೊಡ್ಡ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಮನೆಗೆ ಆಟೋದಲ್ಲಿ ಹೊರಟರು. ಯಮುನೆಯ ಸೇತುವೆಯ ಮೇಲೆ ವಾಹನಗಳು ಒಂದರ ಬಾಲ ಒಂದು ಹಿಡಿದು ನಿಂತಿದ್ದವು. ಉಷಾ ಮೂಗಿಗೆ ಕರ್ಚೀಫು ಹಿಡಿದು, ನಗು ಬಂದಾಗಲೆಲ್ಲ ಭುಜ ಕುಲುಕಿಸುತ್ತಿದ್ದಳು.

"ಸಾಕು ನಗೋದು" ಎಂದ ಸೋಮಶೇಖರ. ಆಮೇಲೆ ದಾರಿ ನೋಡುತ್ತಲೇ ಹೇಳಿದ: "ಈ ಸಲದ ರಾಜ್ಯೋತ್ಸವಕ್ಕೆ ರಾಣಿ ಪಾತ್ರ ಖಾಲಿ ಇದೆ."

"ರಾಣಿಗೆ ಮಾತೆಷ್ಟಿದೆ?"

"ಎರಡೋ ಮೂರೋ."

"ಹಾಗಾದ್ರೆ ಬೇರೆ ನಾಟಕ ಹುಡುಕಿ" ಎಂದಳು ಉಷಾ. "ಭಯ್ಯಾ, ಚಲೋ, ಮುಂದೆ ಜಾಗ ಆಯ್ತಲ್ಲ!"